ಪುಣೆಯ ಎಂಎಚ್-12 ಕಾರು ಧಾರವಾಡಕ್ಕೆ: ಎನ್‌ಒಸಿ, ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಯಾವ ಕ್ರಮದೊಳಗ ಮಾಡ್ಬೇಕು?

ಧಾರವಾಡ_ಪೇಡಾ ಕೇಳಿದ್ದು:

ನಮಸ್ಕಾರ್ರಿ. ಪುಣೆಯೊಳಗ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ನೋಡೀನಿ. 1,197 ಸಿಸಿ, 2019ರ ನವೆಂಬರ್ ನೋಂದಣಿ, 6 ವರ್ಷ ದಾಟೈತಿ, ಒಬ್ಬರೇ ಮಾಲೀಕರು. ಹೊಸದಿದ್ದಾಗಿನ ಬೆಲೆ 8 ಲಕ್ಷ. ಧಾರವಾಡದೊಳಗ ನನ್ನ ಹೆಸರಿಗೆ, ಕೆಎ-25 ನಂಬರಿಗೆ ಮಾಡಿಸ್ಕೋಬೇಕು.

ಮಾಲೀಕರು ಬ್ಯಾಂಕ್ ಸಾಲ ತೀರಿಸ್ಯಾರಂತ, ಆದ್ರ ಆರ್‌ಸಿಯೊಳಗ ಬ್ಯಾಂಕಿನ ಹೆಸರು ಹಂಗ ಐತಿ. ಇನ್ಶೂರೆನ್ಸ್ ಇನ್ನ 6 ತಿಂಗಳು ಐತಿ, ಅದರೊಳಗ 50% ಎನ್‌ಸಿಬಿ (ಕ್ಲೇಮು ಮಾಡದಿದ್ರ ಸಿಗೂ ಪ್ರೀಮಿಯಂ ರಿಯಾಯಿತಿ) ಅಂತ ಬರದಾರ. ಆ ಎನ್‌ಸಿಬಿ ನನಗ ಬರತೈತೇನು? ಹೊರ ರಾಜ್ಯದ ಗಾಡಿಗೆ ಒಂದು ವರ್ಷ ಟೈಮ್ ಇರತೈತಿ, ಅಲ್ಲಿ ತನಕ ಏನೂ ಮಾಡೂದು ಬ್ಯಾಡ ಅಂತಾನ ಏಜೆಂಟ್. ಖರೇನ? ಇಲ್ಲಿ ಟ್ಯಾಕ್ಸ್ ಎಷ್ಟು ಬೀಳತೈತಿ ಅಂತನೂ ಹೇಳ್ರಿ. ಟೋಕನ್ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ಹೈವೇ_ಹಕ್ಕಿ:

ಒಂದು ವರ್ಷ ಟೈಮ್ ಇರೋದು ನಿಜ. ಇನ್ಶೂರೆನ್ಸ್ ಗಾಡಿ ಜೊತೆಗೇ ಬರುತ್ತೆ, ರಿನ್ಯೂವಲ್ ಬಂದಾಗ ನಿಮ್ಮ ಹೆಸರಿಗೆ ಮಾಡಿಸಿದರೆ ಆಯ್ತು. ಮಾರಾಟದ ಫಾರಂ 29, 30ಕ್ಕೆ ಸಹಿ ಹಾಕಿಸ್ಕೊಂಡು ಗಾಡಿ ತಗೊಂಡು ಬನ್ನಿ, ಉಳಿದದ್ದು ನಿಧಾನಕ್ಕೆ ನೋಡಿದರಾಯ್ತು.

ಕಡತ_ಕಾವಲು:

ಹೈವೇ_ಹಕ್ಕಿ ಅವರೇ, ಎರಡು ಬೇರೆ ಬೇರೆ ಗಡುವನ್ನು ಒಂದೇ ಮಾಡಿಬಿಟ್ಟಿರಿ. ಈ ತಪ್ಪು ಎಲ್ಲೆಲ್ಲೂ ಇದೆ. ಸುಮಾರು ಜನ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

12 ತಿಂಗಳ ಗಡುವು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್‌ನದು. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ನಂಬರ್ ಪಡೆಯಬೇಕು ಎನ್ನುತ್ತದೆ ಅದು. ಕೆಲಸಕ್ಕೆಂದು ತನ್ನದೇ ಗಾಡಿ ತಂದವನಿಗೆ ಇದು ಸರಿಹೋಗುತ್ತದೆ. ಆದರೆ ಧಾರವಾಡ_ಪೇಡಾ ಅವರದು ಖರೀದಿ. ಮಾಲೀಕತ್ವ ಬದಲಾವಣೆಗೆ 50ನೇ ಸೆಕ್ಷನ್ ಇದೆ: ಕೊಂಡವರು 30 ದಿನದೊಳಗೆ ತಮ್ಮ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಬೇಕು. ಮಾರಿದವರಿಗೆ ಅದೇ ರಾಜ್ಯದೊಳಗಾದರೆ 14 ದಿನ, ಹೊರ ರಾಜ್ಯಕ್ಕೆ ಮಾರಿದರೆ 45 ದಿನ. ನಂಬರ್ ಬದಲಾವಣೆಯ ವರ್ಷವನ್ನು ಹೆಸರು ಬದಲಾವಣೆಗೆ ಎರವಲು ತರಲು ಬರುವುದಿಲ್ಲ.

ಕರ್ನಾಟಕದಲ್ಲಿ ಈ 'ಒಂದು ವರ್ಷ' ಎಂಬ ಮಾತು ಇಷ್ಟು ಗಟ್ಟಿಯಾಗಲು ಒಂದು ಹಿನ್ನೆಲೆ ಇದೆ. ಹೊರ ರಾಜ್ಯದ ಗಾಡಿ 30 ದಿನ ಇಲ್ಲಿದ್ದರೂ ಲೈಫ್ ಟ್ಯಾಕ್ಸ್ (ಗಾಡಿಯ ಜೀವಮಾನಕ್ಕೆ ಒಮ್ಮೆಲೇ ಕಟ್ಟುವ ತೆರಿಗೆ) ಕಟ್ಟಬೇಕೆಂದು 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದು ಮಾಡಿತು. ಅದು ತೆರಿಗೆಯ ಪ್ರಶ್ನೆ. ಖರೀದಿ ಮಾಡಿದವರ ಹೆಸರು ಆರ್‌ಸಿಗೆ ಯಾವಾಗ ಬರಬೇಕು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕ್ರಮ. ಮೊದಲ ಕೆಲಸ ಪುಣೆಯದು, ಮಾಲೀಕರದು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪೊಥೆಕೇಶನ್ (ಗಾಡಿ ಸಾಲಕ್ಕೆ ಅಡವಿದೆ ಎಂಬ) ನಮೂದು ತಾನಾಗಿ ಅಳಿಯುವುದಿಲ್ಲ. ಬ್ಯಾಂಕ್ ಸಹಿ, ಸೀಲು ಇರುವ ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಎರಡನ್ನೂ ಇಟ್ಟು ಪುಣೆ ಆರ್‌ಟಿಒದಲ್ಲಿ ನಮೂದು ತೆಗೆಸಬೇಕು. ಬ್ಯಾಂಕಿನ ಪತ್ರದ ಮೇಲೆ ಅದು ಎಷ್ಟು ದಿನ ನಡೆಯುತ್ತದೆ ಎಂದು ಅಚ್ಚಾಗಿರುವುದುಂಟು. ಸಾಲ ತೀರಿಸಿ ಪತ್ರವನ್ನು ಬೀರುವಿನಲ್ಲಿಟ್ಟು ಮರೆತ ಮಾಲೀಕರಾದರೆ ಹೊಸ ಪತ್ರಕ್ಕೆ ಮತ್ತೆ ಬ್ಯಾಂಕಿಗೆ ಅಲೆಯಬೇಕು. ಸಾಲ ಕೊಟ್ಟ ಬ್ಯಾಂಕ್ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಆರ್‌ಸಿಯಲ್ಲಿ ಹಳೇ ಹೆಸರು, ಪತ್ರದಲ್ಲಿ ಹೊಸ ಹೆಸರು ಇರುತ್ತದೆ. ಅದನ್ನೂ ಈಗಲೇ ನೋಡಿಕೊಳ್ಳಿ.

ಆಮೇಲೆ ಬಾಕಿ ಇ-ಚಲನ್‌ಗಳು. ಒಂದೇ ಒಂದು ಸಿಗ್ನಲ್ ಜಂಪ್ ದಂಡ ಉಳಿದಿದ್ದರೂ ಆರ್‌ಟಿಒ ಕೆಲಸಗಳ ವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಮುಂದೆ ಹೋಗದೆ ನಿಲ್ಲಬಹುದು. ಗಾಡಿ ಯಾವುದೇ ಅಪರಾಧ ಪ್ರಕರಣದಲ್ಲಿ ಬೇಕಾಗಿಲ್ಲ ಎಂಬ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿಯನ್ನು ಅವರ ಪೋರ್ಟಲ್‌ನಲ್ಲಿ ಉಚಿತವಾಗಿ ತೆಗೆಯಬಹುದು. ನೋಂದಣಿ, ಚಾಸಿ, ಎಂಜಿನ್ ಈ ಮೂರೂ ನಂಬರ್ ಹಾಕಬೇಕು. ಟೋಕನ್ ಕೊಡುವ ಮುಂಚೆ ನೀವೇ ಒಂದು ಸಲ ತೆಗೆದು ನೋಡುವುದು ಒಳ್ಳೆಯದು.

ಇಷ್ಟಾದ ಮೇಲೆ ಫಾರಂ 28, ಅಂದರೆ ಎನ್‌ಒಸಿ (ಗಾಡಿ ಬೇರೆ ಆರ್‌ಟಿಒಗೆ ಹೋಗಲು ತಕರಾರಿಲ್ಲ ಎಂಬ ಪತ್ರ) ಅರ್ಜಿ. ಇದರಲ್ಲಿ ಗಾಡಿ ಹೋಗುವ ಆರ್‌ಟಿಒ ಯಾವುದು ಎಂದು ಆರಿಸಬೇಕು. ನಿಮ್ಮ ಕಡೆಯವರು ಎಡವುವುದು ಇಲ್ಲೇ. ಧಾರವಾಡ ಕೆಎ-25, ಹುಬ್ಬಳ್ಳಿ ಕೆಎ-63, ಎರಡೂ ಬೇರೆ ಕಚೇರಿ. ಅವಳಿ ನಗರ ಎಂದುಕೊಂಡು ಯಾವುದೋ ಒಂದನ್ನು ಒತ್ತಿದರೆ, ನಿಮ್ಮ ವಿಳಾಸದ ದಾಖಲೆ ಒಂದು ಕಡೆ, ಎನ್‌ಒಸಿ ಇನ್ನೊಂದು ಕಡೆ ಆಗುತ್ತದೆ. ಆಗ ಆ ಎನ್‌ಒಸಿ ರದ್ದು ಮಾಡಿಸಿ ಪುಣೆಯಿಂದಲೇ ಹೊಸದು ತರಿಸಬೇಕು. ಆಧಾರ್‌ನಲ್ಲಿರುವ ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ಖಚಿತ ಮಾಡಿಕೊಂಡು ಮಾಲೀಕರಿಗೆ ಬರೆದು ಕಳಿಸಿ. ಫೋನಿನಲ್ಲಿ ಹೇಳಬೇಡಿ.

ಎನ್‌ಒಸಿ ಅರ್ಜಿಗೆ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ. ಪೂರ್ತಿ ದುಡ್ಡು ಕೈಸೇರಿದ ಮೇಲೆ ಫೋನ್ ಎತ್ತದ ಮಾಲೀಕರು ಎಲ್ಲ ಊರಲ್ಲೂ ಇದ್ದಾರೆ. ಆದ್ದರಿಂದ ಟೋಕನ್ ಕೊಡಿ, ಆದರೆ ಬಾಕಿ ಹಣ ಎನ್‌ಒಸಿ ಕೈಗೆ ಬಂದ ದಿನವೇ ಎಂದು ಕರಾರಿನಲ್ಲಿ ಬರೆಸಿ. ಕಾಯ್ದೆಯ ಪ್ರಕಾರ ಅರ್ಜಿ ಸ್ವೀಕರಿಸಿ 30 ದಿನದೊಳಗೆ ನಿರಾಕರಣೆ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಲೆಕ್ಕ. ಆದರೂ ಧಾರವಾಡದ ಕೌಂಟರ್‌ನಲ್ಲಿ ಈ ವಾದ ಮಾಡುತ್ತಾ ನಿಲ್ಲುವುದಕ್ಕಿಂತ ಕಾಗದ ಬರುವ ತನಕ ಕಾಯುವುದೇ ಮೇಲು.

ಧಾರವಾಡದಲ್ಲಿ ಕೊಡಬೇಕಾದದ್ದು: ಹೊಸ ನಂಬರಿಗೆ ಫಾರಂ 27, ಮಾರಾಟದ ಫಾರಂ 29 (ಎರಡು ಪ್ರತಿ), ಫಾರಂ 30, ಮೂಲ ಆರ್‌ಸಿ, ಎನ್‌ಒಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್, ಪ್ಯಾನ್, ವಿಳಾಸದ ದಾಖಲೆ, ಫೋಟೋ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಹೆಸರು ಮತ್ತು ನಂಬರ್ ಎರಡನ್ನೂ ಒಟ್ಟಿಗೇ ಹಾಕಿ, ಎರಡು ಸಲ ಓಡಾಡಬೇಕಿಲ್ಲ. ಕಾರಿನ ಹೆಸರು ವರ್ಗಾವಣೆ ಶುಲ್ಕ 300 ರೂ., ಸ್ಮಾರ್ಟ್ ಕಾರ್ಡ್ 200 ರೂ., ಇಂಥವೇ ಇನ್ನು ಕೆಲವು. ಟ್ಯಾಕ್ಸ್ ಮುಂದೆ ಇವೆಲ್ಲ ಚಿಲ್ಲರೆ.

ಫಾರಂ 29, 30ರಲ್ಲಿ ಬರೀ ಸಹಿ ಹಾಕಿಸಿ ದಿನಾಂಕ ಖಾಲಿ ಬಿಡುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಮಾರಾಟದ ದಿನ ಯಾವುದು ಎನ್ನುವುದರ ಮೇಲೆ ಇನ್ಶೂರೆನ್ಸಿನ ಎಲ್ಲ ಲೆಕ್ಕವೂ ನಿಂತಿದೆ. ಸಹಿ ಆರ್‌ಟಿಒ ದಾಖಲೆಯಲ್ಲಿರುವಂತೆಯೇ ಇರಲಿ. 2019ರಲ್ಲಿ ಕನ್ನಡವೋ ಮರಾಠಿಯೋ ಇಂಗ್ಲಿಷೋ ಯಾವುದರಲ್ಲಿ ಹಾಕಿದ್ದರೋ ಅದರಲ್ಲೇ ಹಾಕಿಸಿ.

ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಕಣ್ಣಾರೆ ನೋಡುತ್ತಾರೆ. ಅಲ್ಲಿ ನಿಲ್ಲುವ ಕಾರಣಗಳು ಹೆಚ್ಚೇನಿಲ್ಲ: ಚಾಸಿ ನಂಬರಿನ ಮೇಲೆ ತುಕ್ಕು ಅಥವಾ ಅಂಡರ್‌ಕೋಟಿಂಗ್ ಬಳಿದು ಅಕ್ಷರ ಕಾಣದಿರುವುದು, ಆರ್‌ಸಿಯಲ್ಲಿ ಇಲ್ಲದ ಸಿಎನ್‌ಜಿ ಕಿಟ್, ಆರ್‌ಸಿಯಲ್ಲಿ ಬಿಳಿ ಎಂದಿದ್ದು ಎದುರಿಗೆ ಕಪ್ಪು ನಿಂತಿರುವುದು. ಪುಣೆ ಕಡೆ ಸಿಎನ್‌ಜಿ ಕಿಟ್ ಹಾಕಿಸಿದ ಪೆಟ್ರೋಲ್ ಕಾರುಗಳು ಬಹಳ. ಡಿಕ್ಕಿ ತೆಗೆದು ನೋಡಿ. ಸಿಲಿಂಡರ್ ಇದ್ದು ಆರ್‌ಸಿಯಲ್ಲಿ ಬರೀ 'ಪೆಟ್ರೋಲ್' ಎಂದಿದ್ದರೆ, ಅದನ್ನು ಪುಣೆಯಲ್ಲೇ ಸರಿಮಾಡಿಸಿ ಎನ್‌ಒಸಿ ತೆಗೆಸಬೇಕು.

ಧಾರವಾಡ_ಪೇಡಾ:

ಭಾಳ ಉಪಕಾರ ಆತ್ರಿ. ಡಿಕ್ಕಿ ನೋಡೀನಿ, ಸಿಲಿಂಡರ್ ಇಲ್ಲ. ಟ್ಯಾಕ್ಸ್ ಲೆಕ್ಕ ಒಂದು ಹೇಳಿಬಿಡ್ರಿ. ನಾ ಕೊಡೂ ರೇಟಿನ ಮ್ಯಾಲೆ ಹಾಕ್ತಾರೋ, ಹೊಸ ಕಾರಿನ ರೇಟಿನ ಮ್ಯಾಲೆ ಹಾಕ್ತಾರೋ?

ಕಡತ_ಕಾವಲು:

ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಟ್ಯಾಕ್ಸಿಗೆ ಲೆಕ್ಕಕ್ಕಿಲ್ಲ. ಹೊಸ ಕಾರಿನ ಬೆಲೆ ಹಿಡಿದು, ಅದರ ಪೂರ್ತಿ ಲೈಫ್ ಟ್ಯಾಕ್ಸ್ ತೆಗೆದು, ಗಾಡಿಯ ವಯಸ್ಸಿಗೆ ತಕ್ಕ ಶೇಕಡಾವಾರು ಕಟ್ಟಿಸಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20ಕ್ಕೆ 17%, ಅದರಾಚೆ 18%. ಬಂದ ತೆರಿಗೆಯ ಮೇಲೆ 11% ಸೆಸ್. ವಯಸ್ಸು 5 ದಾಟಿ 6ರೊಳಗಿದ್ದರೆ ಪೂರ್ತಿ ತೆರಿಗೆಯ 69%, 6 ದಾಟಿ 7ರೊಳಗಿದ್ದರೆ 64%, 7 ದಾಟಿ 8ರೊಳಗೆ 59%.

ನಿಮ್ಮ ಕಾರಿಗೆ: 8,00,000ಕ್ಕೆ 14% ಅಂದರೆ 1,12,000. ಅದರ 64% ಅಂದರೆ 71,680. ಸೆಸ್ 11% ಅಂದರೆ 7,885. ಒಟ್ಟು ಸುಮಾರು 79,565 ರೂ. ಕಟ್ಟಬೇಕಾದದ್ದು ವಾಹನ್ ತೋರಿಸುವ ಮೊತ್ತವನ್ನೇ, ಇದು ಕೈಲೆಕ್ಕ. ಕಾರಿನ ಮೂಲ ಇನ್‌ವಾಯ್ಸ್ ಪ್ರತಿ ಮಾಲೀಕರಿಂದ ಇಸಿದುಕೊಳ್ಳಿ, ಬೆಲೆಯ ಬಗ್ಗೆ ತಕರಾರು ಬಂದರೆ ತೋರಿಸಲು ಬೇಕಾಗುತ್ತದೆ.

ಪುಣೆಯಲ್ಲಿ ಕಾರು ಅಗ್ಗ ಎಂದು ಹೇಳುವವರು ಈ 80 ಸಾವಿರವನ್ನು ಸೇರಿಸಿ ಹೇಳುವುದಿಲ್ಲ. ಹುಬ್ಬಳ್ಳಿ ಅಥವಾ ಬೆಳಗಾವಿಯಲ್ಲಿ ಅದೇ ವರ್ಷದ ಕೆಎ ಗಾಡಿ ಒಂದು ಲಕ್ಷದಷ್ಟು ಹೆಚ್ಚಿಗೆ ಸಿಕ್ಕರೂ ಓಡಾಟ, ತಲೆಬಿಸಿ ಲೆಕ್ಕ ಹಾಕಿದರೆ ನಾನಾದರೆ ಅದನ್ನೇ ತೆಗೆದುಕೊಳ್ಳುವೆ.

ಇನ್ನೊಂದು: ನವೆಂಬರ್ ತನಕ ತಳ್ಳಿದರೆ 59%ಕ್ಕೆ ಇಳಿಯುತ್ತದಲ್ಲ ಎಂದು ಯಾರಾದರೂ ಹೇಳುತ್ತಾರೆ. ಉಳಿಯುವುದು 5,600 ಮತ್ತು ಸೆಸ್ 616, ಒಟ್ಟು 6,216 ರೂ. ಅಷ್ಟಕ್ಕಾಗಿ ಬೇರೆಯವರ ಹೆಸರಿನ ಆರ್‌ಸಿ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸುವುದು ದಡ್ಡತನ.

ಮಹಾರಾಷ್ಟ್ರಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದನ್ನು ವಾಪಸ್ ಕೇಳಬಹುದು. ಕರ್ನಾಟಕದಲ್ಲಿ ನೋಂದಣಿಯಾದ ಆರ್‌ಸಿ, ಇಲ್ಲಿಯ ತೆರಿಗೆ ರಸೀದಿ ತೋರಿಸಿ ಅಲ್ಲಿನ ಆರ್‌ಟಿಒಗೆ ಅರ್ಜಿ ಹಾಕಬೇಕು. ಆ ಹಣ ಮಾಲೀಕರಿಗೋ ನಿಮಗೋ ಎಂದು ಕರಾರಿನಲ್ಲೇ ಒಂದು ಸಾಲು ಬರೆಸಿ, ಅಲ್ಲಿ ಕಟ್ಟಿದ ತೆರಿಗೆಯ ರಸೀದಿಯ ಪ್ರತಿ ಪಡೆದುಕೊಳ್ಳಿ.

ಪಾಲಿಸಿ_ಪುಟ:

ಆರ್‌ಟಿಒ ಕಡೆಯದು ಮುಗಿಯಿತು, ಇನ್ಶೂರೆನ್ಸ್ ಕಡೆಯದು ನಾನು ಬರೆಯುತ್ತೇನೆ. 'ಗಾಡಿ ಜೊತೆಗೇ ಬರುತ್ತೆ' ಎಂಬ ಮಾತು ಅರ್ಧ ಸರಿ. ಉಳಿದರ್ಧವೇ ದುಬಾರಿ.

ನಿಮ್ಮ ಕೈಗೆ ಬರುವ ಪಾಲಿಸಿಯಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿ. ಇದು 157ನೇ ಸೆಕ್ಷನ್ ಪ್ರಕಾರ ಮಾರಾಟವಾದ ದಿನವೇ ಕೊಂಡವರಿಗೆ ವರ್ಗವಾದಂತೆ. ಇನ್ನೊಂದು ಓನ್ ಡ್ಯಾಮೇಜ್, ನಿಮ್ಮದೇ ಗಾಡಿಯ ರಿಪೇರಿ, ಕಳವು. ಇದು ತಾನಾಗಿ ಬರುವುದಿಲ್ಲ. 157ನೇ ಸೆಕ್ಷನ್ ಓನ್ ಡ್ಯಾಮೇಜಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮಾರಾಟವಾಗಿ 14 ದಿನದೊಳಗೆ ಕಂಪನಿಗೆ ಬರೆದುಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಇದಾಗದೆ 20ನೇ ದಿನ ಕಾರು ಡಿವೈಡರಿಗೆ ಹೊಡೆದರೆ, ಪಾಲಿಸಿ ಇರುವ ಮಾಲೀಕರಿಗೆ ಗಾಡಿಯೇ ಇಲ್ಲ, ಗಾಡಿ ಇರುವ ನಿಮಗೆ ಪಾಲಿಸಿಯೇ ಇಲ್ಲ. ಸರ್ವೇಯರ್ ಮೊದಲು ಕೇಳುವುದೇ ಆರ್‌ಸಿ ಮತ್ತು ಪಾಲಿಸಿ, ಎರಡರಲ್ಲೂ ಒಂದೇ ಹೆಸರು ಇದೆಯೇ ಎಂದು.

ಮಾಲೀಕರಿಗೂ ಇದನ್ನು ಹೇಳಿ, ಆಗ ಅವರೇ ಕೆಲಸ ಚುರುಕು ಮಾಡುತ್ತಾರೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಪಾಲಿಸಿ ಮುಗಿದದ್ದು ಗೊತ್ತಾಗದೆ ನೀವು ಧಾರವಾಡದಲ್ಲಿ ಯಾರಿಗಾದರೂ ಗುದ್ದಿದರೆ ನೋಟಿಸು ಪುಣೆಗೆ ಹೋಗುತ್ತದೆ.

ವರ್ಗಾವಣೆಗೆ ಬೇಕಾದದ್ದು: ಭರ್ತಿ ಮಾಡಿದ ಫಾರಂ 29, 30ರ ಪ್ರತಿ, ಹಳೇ ಪಾಲಿಸಿ, ಮಾಲೀಕರ ಒಪ್ಪಿಗೆ ಪತ್ರ, ನಿಮ್ಮ ಹೆಸರಿನ ಪ್ರಪೋಸಲ್ ಫಾರಂ, ಕೆವೈಸಿ. ಕಂಪನಿ ಗಾಡಿಯ ಫೋಟೋ ಅಥವಾ ತಪಾಸಣೆ ಕೇಳುತ್ತದೆ. ಹೊಸ ಆರ್‌ಸಿ ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಅರ್ಜಿಯನ್ನು 14 ದಿನದೊಳಗೆ ಇಮೇಲ್‌ನಲ್ಲಿ ಕಳಿಸಿ, ಕಳಿಸಿದ ದಿನಾಂಕದ ಪುರಾವೆ ಇಟ್ಟುಕೊಳ್ಳಿ. ಆರ್‌ಸಿ ಬಂದ ಮೇಲೆ ಅದನ್ನು ಸೇರಿಸಿದರಾಯಿತು. ಏಜೆಂಟನ ಬಾಯಿಮಾತು ಯಾವ ಕಡತದಲ್ಲೂ ಇರುವುದಿಲ್ಲ.

ಎನ್‌ಸಿಬಿ ನಿಮಗೆ ಬರುವುದಿಲ್ಲ. ಅದು ಗಾಡಿಯದಲ್ಲ, ಕ್ಲೇಮು ಮಾಡದೆ ಇದ್ದ ಮನುಷ್ಯನದು. ಮಾಲೀಕರು ಮಾರಾಟದ ಪುರಾವೆ ಕೊಟ್ಟು ಎನ್‌ಸಿಬಿ ಪತ್ರ ತೆಗೆದುಕೊಂಡರೆ 3 ವರ್ಷದೊಳಗೆ ತಮ್ಮ ಮುಂದಿನ ಕಾರಿಗೆ ಹಾಕಿಕೊಳ್ಳಬಹುದು. ಈ ಪಾಲಿಸಿಯಲ್ಲಿ ಉಳಿದ ಅವಧಿಗೆ ಅವರಿಗೆ ಸಿಕ್ಕಿದ್ದ ರಿಯಾಯಿತಿಯನ್ನು ನೀವು ತುಂಬಿಕೊಡಬೇಕು. ಉದಾಹರಣೆಗೆ ರಿಯಾಯಿತಿಗೆ ಮುಂಚೆ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದರೆ, 50% ಅಂದರೆ ವರ್ಷಕ್ಕೆ 4,000. ಉಳಿದ 6 ತಿಂಗಳಿಗೆ 2,000, ಮೇಲೆ 18% ಜಿಎಸ್‌ಟಿ 360. ಒಟ್ಟು 2,360, ಜೊತೆಗೆ ಸಣ್ಣ ವರ್ಗಾವಣೆ ಶುಲ್ಕ. ನೀವೇ ಈ ಹಿಂದೆ ಕಾರು ಮಾರಿ ಎನ್‌ಸಿಬಿ ಪತ್ರ ಇಟ್ಟುಕೊಂಡಿದ್ದರೆ ಅದನ್ನು ಇಲ್ಲಿ ಬಳಸಿಕೊಳ್ಳಿ. ಬೈಕಿನ ಎನ್‌ಸಿಬಿ ಕಾರಿಗೆ ನಡೆಯುವುದಿಲ್ಲ.

ಕೊಳ್ಳುವ ಮುಂಚೆ ಆ 50% ಅಂಕಿಯನ್ನು ಬೇರೊಂದು ಕಣ್ಣಿಂದ ನೋಡಿ. ಏಣಿ 20, 25, 35, 45, 50 ಹೀಗೆ ವರ್ಷಕ್ಕೊಂದು ಮೆಟ್ಟಿಲು. 5 ವರ್ಷ ಸತತ ಕ್ಲೇಮಿಲ್ಲದಿದ್ದರೆ 50. ಒಂದು ಕ್ಲೇಮು ಮಾಡಿದರೆ ಮುಂದಿನ ವರ್ಷ ಸೊನ್ನೆ. ಪಾಲಿಸಿ ಮುಗಿದು 90 ದಿನ ದಾಟಿದರೂ ಸೊನ್ನೆ. 6 ವರ್ಷದ, ಒಬ್ಬರೇ ಮಾಲೀಕರ ಕಾರಿನಲ್ಲಿ 20% ಕಂಡರೆ ಎರಡು ವರ್ಷದ ಹಿಂದೆ ಏನೋ ಆಗಿದೆ, ಸರ್ವಿಸ್ ದಾಖಲೆ ತೆಗೆಸಿ ನೋಡಬೇಕು. ನಿಮ್ಮದರಲ್ಲಿ 50% ಇರುವುದು ಒಳ್ಳೆಯ ಲಕ್ಷಣ. ಆದರೆ ಅದು ಸುಳ್ಳು ಹೇಳಿ ಪಡೆದದ್ದಲ್ಲ ಎಂದು ಖಚಿತ ಮಾಡಿಕೊಳ್ಳಬೇಕು, ಹಿಂದಿನ ವರ್ಷದ ಪಾಲಿಸಿಯನ್ನೂ ಕೇಳಿ. ಕಂಪನಿ ಬದಲಿಸುವಾಗ ಕ್ಲೇಮು ಮುಚ್ಚಿಟ್ಟು ರಿಯಾಯಿತಿ ಪಡೆದಿದ್ದರೆ ಓನ್ ಡ್ಯಾಮೇಜ್ ಕ್ಲೇಮನ್ನೇ ಕಂಪನಿ ತಿರಸ್ಕರಿಸಬಹುದು.

ಜನ ಗಮನಿಸದ ಮೂರು ಸಣ್ಣ ವಿಷಯ. ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಇರುತ್ತದೆ. ಆರ್‌ಸಿಯಲ್ಲಿ ತೆಗೆಸಿ ಇಲ್ಲಿ ಬಿಟ್ಟರೆ, ಕಾರು ಕಳವಾದಾಗ ಅಥವಾ ಪೂರ್ತಿ ನಜ್ಜುಗುಜ್ಜಾದಾಗ ಬರುವ ಹಣಕ್ಕೆ ಮತ್ತೆ ಬ್ಯಾಂಕಿನ ಪತ್ರ ಕೇಳುತ್ತಾರೆ. ಎರಡನೆಯದು, 15 ಲಕ್ಷದ ಅಪಘಾತ ವಿಮೆ ನೋಂದಾಯಿತ ಮಾಲೀಕ-ಚಾಲಕರಿಗೆ ಮಾತ್ರ. ಹೆಸರು ಬದಲಾಗುವ ತನಕ ಅದರಲ್ಲಿ ನೀವಿಲ್ಲ. ಮೂರನೆಯದು, ಪ್ರೀಮಿಯಂ ವಲಯ: ಪುಣೆ 'ಎ' ವಲಯದ 8 ನಗರಗಳಲ್ಲಿ ಒಂದು, ನಮ್ಮಲ್ಲಿ ಬೆಂಗಳೂರು ಮಾತ್ರ ಆ ಪಟ್ಟಿಯಲ್ಲಿದೆ. ಧಾರವಾಡ 'ಬಿ' ವಲಯ, ದರ ಸ್ವಲ್ಪ ಕಡಿಮೆ. ರಿನ್ಯೂವಲ್ ಸಮಯದಲ್ಲಿ ಇನ್ನೂ ಪುಣೆ ಎಂದೇ ತೋರಿಸುತ್ತಿದ್ದರೆ ತಿದ್ದಿಸಿ. ಥರ್ಡ್ ಪಾರ್ಟಿ ದರಕ್ಕೆ ಈ ವಲಯದ ಹಂಗಿಲ್ಲ, 1,000ದಿಂದ 1,500 ಸಿಸಿಗೆ ವರ್ಷಕ್ಕೆ 3,416 ರೂ. ಮತ್ತು ಜಿಎಸ್‌ಟಿ.

ಜೀರೋ ಡೆಪ್ (ಬಿಡಿಭಾಗಗಳಿಗೆ ಸವಕಳಿ ಕಡಿತ ಮಾಡದ ಹೆಚ್ಚುವರಿ ರಕ್ಷಣೆ) ಇದ್ದರೆ ಅದು ನಿಮ್ಮ ಹೆಸರಿನಲ್ಲೂ ಮುಂದುವರಿದಿದೆಯೇ ಎಂದು ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದುಪಡಿ) ಕಾಗದದಲ್ಲಿ ಓದಿ ನೋಡಿ. ಅದಿಲ್ಲದಿದ್ದರೆ ನಿಮ್ಮ ವಯಸ್ಸಿನ ಕಾರಿಗೆ ಲೋಹದ ಭಾಗಕ್ಕೆ 40%, ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50% ಕಡಿತ. ಗಾಜಿಗೆ ಕಡಿತವಿಲ್ಲ. 10,000ದ ಬಂಪರಿಗೆ 5,000, ಅದರಲ್ಲೂ ಕಡ್ಡಾಯವಾಗಿ ನೀವೇ ಭರಿಸಬೇಕಾದ 1,000 ಹೋಗಿ ಕೈಗೆ 4,000. ಇಷ್ಟಕ್ಕೆ ಕ್ಲೇಮು ಮಾಡಿ ಎನ್‌ಸಿಬಿ ಕಳೆದುಕೊಳ್ಳಬೇಕೇ ಎಂದು ಆಗ ಯೋಚಿಸಿ.

ಹೈವೇ_ಹಕ್ಕಿ:

ಓಕೆ, ನಂದು ತಪ್ಪಾಯ್ತು. 47, 50ರ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಪಾಲಿಸಿಯಲ್ಲಿ ಮೊದಲು ಹೆಸರು, ಆಮೇಲೆ ಕೆಎ ನಂಬರ್, ಎರಡು ಸಲ ತಿದ್ದಿಸಬೇಕಾ?

ಪಾಲಿಸಿ_ಪುಟ:

ಹೌದು, ಎರಡು ಎಂಡಾರ್ಸ್‌ಮೆಂಟ್. ಹೆಸರಿನದು 14 ದಿನದೊಳಗೆ. ನಂಬರಿನದು ಕೆಎ ಆರ್‌ಸಿ ಬಂದ ವಾರದಲ್ಲೇ. ಚಾಸಿ ಮತ್ತು ಎಂಜಿನ್ ನಂಬರ್ ಬದಲಾಗುವುದಿಲ್ಲವಾದ್ದರಿಂದ ಪಾಲಿಸಿ ಅದೇ ಗಾಡಿಯದು ಎಂದು ಸಾಬೀತು ಮಾಡುವುದು ಕಷ್ಟವಲ್ಲ. ಹಾಗೆಂದು ಬಿಟ್ಟರೆ ಟ್ರಾಫಿಕ್ ಪೊಲೀಸರ ಯಂತ್ರದಲ್ಲಿ ಹೊಸ ನಂಬರಿಗೆ ಇನ್ಶೂರೆನ್ಸ್ ಇಲ್ಲವೆಂದು ತೋರಿಸಬಹುದು. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ದಂಡ.

ಮಲೆನಾಡ_ಮಳೆ:

ಇದೇ ಎಳೆಯಲ್ಲಿ ಒಂದು ಕೇಳಲೇ? ಶಿವಮೊಗ್ಗದಲ್ಲಿ ತಂದೆಯವರ ಹೆಸರಿನ ಕಾರು ಇದೆ. ಅವರು ಹೋಗಿ ಒಂದು ತಿಂಗಳಾಗುತ್ತ ಬಂತು. ಪಾಲಿಸಿ ಇನ್ನೂ 8 ತಿಂಗಳು ಇದೆ. ಅಮ್ಮ, ನಾನು, ತಂಗಿ ಇದ್ದೇವೆ. ಓಡಿಸಬಹುದೇ?

ಕಡತ_ಕಾವಲು:

ಇದಕ್ಕೆ ಫಾರಂ 31. ತೀರಿಕೊಂಡ 30 ದಿನದೊಳಗೆ, ಗಾಡಿಯನ್ನು ಉತ್ತರಾಧಿಕಾರಿಯಾಗಿ ನಾನು ಬಳಸುತ್ತೇನೆ ಎಂದು ಆರ್‌ಟಿಒಗೆ ಬರೆದು ತಿಳಿಸಬೇಕು. ತಿಳಿಸಿದರೆ 3 ತಿಂಗಳ ತನಕ ಅದೇ ಆರ್‌ಸಿಯಲ್ಲಿ ಓಡಿಸಬಹುದು, ಅಷ್ಟರೊಳಗೆ ವರ್ಗಾವಣೆ ಅರ್ಜಿ ಹಾಕಬೇಕು. ನಿಮಗೆ ಉಳಿದಿರುವುದು ಕೆಲವೇ ದಿನ, ನಾಳೆಯೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಬೇಕು. ಗಾಡಿ ನಿಮ್ಮ ಹೆಸರಿಗಾದರೆ ತಾಯಿ ಮತ್ತು ತಂಗಿಯಿಂದ ತಕರಾರಿಲ್ಲ ಎಂಬ ಅಫಿಡವಿಟ್. ವಂಶವೃಕ್ಷ ಬರಲು ತಡವಾಗುತ್ತದೆ, ಮೊದಲು ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರಿಸಲು ಅವಕಾಶವಿದೆ. ತಂದೆಯವರು ಹೆಸರಿಸಿದ್ದರೆ ನಿಮ್ಮ ಕೆಲಸ ಹಗುರ, ನೋಡಿ.

ಪಾಲಿಸಿ_ಪುಟ:

ಮಲೆನಾಡ_ಮಳೆ ಅವರೇ, ಪಾಲಿಸಿಯ 8 ತಿಂಗಳನ್ನು ನಂಬಿ ಕೂರಬೇಡಿ. ಪಾಲಿಸಿದಾರರು ತೀರಿಕೊಂಡ ದಿನದಿಂದ 3 ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯ ತನಕ ಮಾತ್ರ ಅದು ಊರ್ಜಿತ. ಆ 3 ತಿಂಗಳಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಒಂದು ಸಮಾಧಾನ: ಮಾರಾಟದಲ್ಲಿ ಕೈತಪ್ಪುವ ಎನ್‌ಸಿಬಿ ಇಲ್ಲಿ ತಪ್ಪುವುದಿಲ್ಲ. ಗಾಡಿ ಪಡೆದ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿಗೆ ಅದು ದಾಟುತ್ತದೆ. ಕಂಪನಿಗೆ ಬರೆಯುವ ಪತ್ರದಲ್ಲಿ ನೀವಾಗಿಯೇ ಕೇಳಿ. ಕೇಳದಿದ್ದರೆ ಕೌಂಟರಿನಲ್ಲಿ ಸಾಮಾನ್ಯ ಮಾರಾಟದಂತೆ ಲೆಕ್ಕ ಹಾಕಿಬಿಡುವುದುಂಟು.

ಧಾರವಾಡ_ಪೇಡಾ:

ಕಡೀಕೊಂದು ಪ್ರಶ್ನೆ. ಎನ್‌ಒಸಿ ಬಂದ ದಿನ ದುಡ್ಡು ಕೊಟ್ಟು ಪುಣೆಯಿಂದ ಗಾಡಿ ನಾನ ಓಡಿಸ್ಕೊಂಡು ಬರಬೇಕಂತೀನಿ. ದಾರ್ಯಾಗ ಏನೇನು ಇಟ್ಕೋಬೇಕು?

ಕಡತ_ಕಾವಲು:

ಮೂಲ ಆರ್‌ಸಿ, ಎನ್‌ಒಸಿ, ಪಾಲಿಸಿ, ಎಮಿಷನ್, ನಿಮ್ಮ ಲೈಸೆನ್ಸ್. ಜೊತೆಗೆ ಇಬ್ಬರೂ ಸಹಿ ಮಾಡಿದ ಡೆಲಿವರಿ ನೋಟ್, ಅದರಲ್ಲಿ ದಿನಾಂಕ ಮಾತ್ರವಲ್ಲ, ಗಂಟೆ-ನಿಮಿಷವೂ ಇರಲಿ, ಓಡೋಮೀಟರ್ ಅಂಕಿಯೂ ಇರಲಿ. ಅವತ್ತು ಮಧ್ಯಾಹ್ನ ಸಾತಾರಾದಲ್ಲಿ ಕ್ಯಾಮೆರಾಗೆ ಸಿಕ್ಕ ಸ್ಪೀಡಿಂಗ್ ದಂಡ ಯಾರದು ಎಂಬ ಜಗಳ ಇದರಿಂದಲೇ ತೀರುತ್ತದೆ. ಚಲನ್ ಹೋಗುವುದು ಮಾಲೀಕರ ಮೊಬೈಲಿಗೆ, ಅದನ್ನು ಕಟ್ಟದೆ ಬಿಟ್ಟರೆ ಧಾರವಾಡದ ಅರ್ಜಿ ಮತ್ತೆ ಸಿಕ್ಕಿಬೀಳುತ್ತದೆ. ಬಂದು ಹತ್ತು ದಿನದ ಮೇಲೆ ಒಂದು ಸಲ ಇ-ಚಲನ್ ಪೋರ್ಟಲ್ ನೋಡಿ.

ಮಾಲೀಕರ ಫಾಸ್ಟ್ಯಾಗ್‌ನಲ್ಲೇ ರಾಷ್ಟ್ರೀಯ ಹೆದ್ದಾರಿ 48 ದಾಟಿ ಬರುವುದಾದರೆ ಟೋಲ್ ಹಣವನ್ನು ಮೊದಲೇ ಕೊಟ್ಟುಬಿಡಿ, ತಲುಪಿದ ಮೇಲೆ ಅವರು ಆ ಟ್ಯಾಗ್ ಮುಚ್ಚಿಸಲಿ. ಒಂದು ಗಾಡಿಗೆ ಒಂದೇ ಟ್ಯಾಗ್, ಅವರದು ಮುಚ್ಚದಿದ್ದರೆ ನಿಮ್ಮದು ತೆರೆಯುವುದು ಕಷ್ಟ. ಕೆಎ ನಂಬರ್ ಬಂದ ಮೇಲೆ ಹೊಸ ಆರ್‌ಸಿ ಮೇಲೆ ನಿಮ್ಮ ಟ್ಯಾಗ್ ಮಾಡಿಸಿ. ನಡುವೆ ಟ್ಯಾಗ್ ಇಲ್ಲದೆ ಟೋಲ್ ದಾಟಿದರೆ ಯುಪಿಐಯಲ್ಲಿ ಒಂದೂಕಾಲು ಪಟ್ಟು ಕಟ್ಟಬೇಕು. ನಂಬರ್ ಪ್ಲೇಟೂ ಅಷ್ಟೇ: ಈಗಿರುವ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಎಂಎಚ್ ನಂಬರಿನದು, ಕೆಎ ನಂಬರಿಗೆ ಹೊಸ ಎಚ್‌ಎಸ್‌ಆರ್‌ಪಿಯನ್ನೇ ಹಾಕಿಸಬೇಕು. ರಸ್ತೆ ಬದಿಯ ಅಂಗಡಿಯಲ್ಲಿ ಅಕ್ಷರ ಅಂಟಿಸಿಕೊಂಡರೆ ನಡೆಯುವುದಿಲ್ಲ.

ಧಾರವಾಡ_ಪೇಡಾ:

ಆತ್ರಿ. ಈಗ ಮಾಲೀಕರಿಗೆ ಫೋನ್ ಹಚ್ಚಿದ್ದೆ. ಬ್ಯಾಂಕಿನ ಪತ್ರ ಎಲ್ಲಿಟ್ಟಾರೋ ಅವರಿಗ ನೆನಪಿಲ್ಲಂತ. ಫಾರಂ 35 ಕೈಯಾಗ ಬಂದ ಮ್ಯಾಲನ ಟೋಕನ್ ಅಂತ ಹೇಳೀನಿ. ವಾಟ್ಸ್ಯಾಪಿನೊಳಗ 'ಧಾರವಾಡ, ಕೆಎ-25, ಹುಬ್ಬಳ್ಳಿ ಅಲ್ಲ' ಅಂತ ಬರದು ಕಳಿಸೀನಿ.